ಕರೀ ಸುರಾಹಿ ಕರೀದಾಗೇ ಕಾಣಬೇಕು

ಬೀದರಿನ ಚೌಬಾರಾ ಹತ್ತಿರದ ಗಲ್ಲಿಯೊಳಗೆ ಕರೀ ಲೋಹದೊಳಗೆ ಬೆಳ್ಳಿ ಕೂಡಿಸುವ ಬಿದರಿ ಕೆಲಸದ ಚಾಚಾ ಒಬ್ಬರಿದ್ದಾರೆ. ಕ್ಯಾಮೆರಾ ಕೊಂಡ ಹೊಸದರಲ್ಲಿ ಅವರ ಅಂಗಡಿಯಲ್ಲಿ ವಾರಗಟ್ಟಲೆ ಕೂತು ನಾನೂರು ಫೋಟೊ ತೆಗೆದೆ. ಸುಕ್ಕುಗಟ್ಟಿದ ಕೈ, ಉಳಿ, ಕಿಟಕಿಯಿಂದ ಇಳಿದ ಬಿಸಿಲುಕೋಲು, ಹೀಗೆ. ಚಾಚಾ ಎಲ್ಲಾ ನೋಡಿ, "ತಮ್ಮಾ, ನನ್ನ ಕೈ ನನಗ್ ಗೊತ್ತದ. ಸುರಾಹಿ ಎಲ್ಲದ? ಹೈದರಾಬಾದಿನ ಗಿರಾಕಿಗಿ ಕಳಿಸಬೇಕಾಗ್ಯದ" ಅಂದರು. ಸುರಾಹಿ ಅಂದರೆ ಉದ್ದ ಕತ್ತಿನ ಹೂಜಿ, ಅದರದು ಒಂದೇ ಫೋಟೊ ಇತ್ತು. ಅದರಲ್ಲಿ ಕರೀ ಸುರಾಹಿ ಬೂದಿ ಬಣ್ಣಕ್ಕೆ ತಿರುಗಿತ್ತು, ಬೆಳ್ಳಿಯ ಹೂಬಳ್ಳಿ ಬರೀ ಬಿಳಿ ಕಲೆಯಾಗಿತ್ತು.

ಆವತ್ತಿನಿಂದ ಕ್ಯಾಮೆರಾ ಚಾಲೂ ಮಾಡುವ ಮುಂಚೆ ಒಂದು ಮಾತು ಕೇಳಿಕೊಳ್ಳುತ್ತೇನೆ: ಈ ಫೋಟೊ ಯಾರ ಕೈಗೆ ಹೋಗತದ? ನೀವೂ ಕೇಳಿಕೊಳ್ಳಿ. ಗಿರಾಕಿಗಾದರೆ ಕುಸುರಿ ಕಾಣಬೇಕು. ಕೆಲಸ ಕಲಿಯುವ ಹುಡುಗನಿಗಾದರೆ ಉಳಿ ಹಿಡಿದ ಕೋನ ಕಾಣಬೇಕು. ನಿಮ್ಮ ಖುಷಿಗೇ ಆದರೂ ತಪ್ಪಿಲ್ಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡಿ.

ಇನ್ನು ಕಪ್ಪಿನ ವಿಷಯ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ತನ್ನೆದುರಿಗಿರುವುದನ್ನೆಲ್ಲ ನಡುಮಧ್ಯದ ಬೂದುಬಣ್ಣ ಅಂತಲೇ ಲೆಕ್ಕ ಹಾಕುತ್ತದೆ. ಸುರಾಹಿ ಫ್ರೇಮ್ ತುಂಬಿದ್ದರೆ "ಕತ್ತಲಾಗ್ಯದ" ಅಂದುಕೊಂಡು ಬೆಳಕು ಏರಿಸಿಬಿಡುತ್ತದೆ. ಎಕ್ಸ್‌ಪೋಷರನ್ನು, ಅಂದರೆ ಫೋಟೊ ಎಷ್ಟು ಬೆಳ್ಳಗೆ ಬರಬೇಕೆಂಬ ಲೆಕ್ಕವನ್ನು, ಮೈನಸ್ 1ರಿಂದ ಮೈನಸ್ 1.5ಕ್ಕೆ ಇಳಿಸಿ ನೋಡಿ. ಮೊಬೈಲಿನಲ್ಲಿ ಸುರಾಹಿಯ ಮೇಲೆ ಬೆರಳೊತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆದರೆ ಸಾಕು. ಹಿಂದೆ ದೊಡ್ಡ ಬಿಳಿ ಬಟ್ಟೆ ಇದ್ದರೆ ಮಾತ್ರ ಲೆಕ್ಕ ತಿರುಗುಮುರುಗು. ಆಗ ಇಳಿಸಬೇಡಿ.

ಫ್ಲ್ಯಾಶ್ ಬೇಡವೇ ಬೇಡ. ಬೆಳ್ಳಿ ಕನ್ನಡಿಯಿದ್ದ ಹಾಗೆ, ಎದುರಿಗೇನಿದೆಯೋ ಅದನ್ನೇ ತೋರಿಸುತ್ತದೆ. ನನ್ನ ಮೊದಲ ಫೋಟೊಗಳ ಸುರಾಹಿಯೊಳಗೆ ನನ್ನದೇ ಕೆಂಪು ಅಂಗಿ ಇದೆ! ಕಿಟಕಿಯ ಬೆಳಕು ಒಂದು ಮಗ್ಗಲಿಂದ ಬರಲಿ, ಇನ್ನೊಂದು ಮಗ್ಗಲಿಗೆ ತೊಳೆದ ಬಿಳಿ ಪಂಚೆ ಕಟ್ಟಿ. ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟು ಐಎಸ್‌ಒ (ಬೆಳಕು ಹಿಡಿಯುವ ಚುರುಕು) 100, ಎಫ್ (ಲೆನ್ಸಿನ ಕಂಡಿಯ ಅಳತೆ) 8, ಎರಡು ಸೆಕೆಂಡಿನ ಟೈಮರ್. ಶಟರ್ ನಿಧಾನವಾದರೂ ಚಿಂತೆಯಿಲ್ಲ, ಸುರಾಹಿ ಎಲ್ಲಿಗೂ ಓಡಿಹೋಗುವುದಿಲ್ಲ.

ಕೆಲಸದ ಹಂತಗಳನ್ನು ತೆಗೆಯುವುದಾದರೆ ಮೊದಲು ಕೆಲಸ ತಿಳಿದುಕೊಳ್ಳಿ. ಸತು, ತಾಮ್ರ ಕೂಡಿಸಿ ಎರಕ ಹೊಯ್ಯುತ್ತಾರೆ. ಗೆರೆ ಕಾಣಲೆಂದು ಮೈಲುತುತ್ತದ ನೀರಿನಿಂದ ಕಪ್ಪು ಮಾಡಿ ಕೊರೆಯುತ್ತಾರೆ. ಆಮೇಲೆ ಬೆಳ್ಳಿ ತಂತಿ ಬಡಿದು ಕೂಡಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಣ್ಣ ತಿರುಗುವ ಆ ಗಳಿಗೆಯೇ ಇಡೀ ಕಥೆ. ಗೊತ್ತಿಲ್ಲದ ಕಾರಣಕ್ಕೆ ನಾನು ಎರಡು ಸಲ ಅದೇ ಹೊತ್ತಿಗೆ ಚಾ ಕುಡಿಯಲು ಎದ್ದುಹೋಗಿದ್ದೆ.

ಕೈ ಪಳಗಲು ಊರೂರು ತಿರುಗಬೇಕಿಲ್ಲ. ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ನಮ್ಮ ಮನೆಯಿಂದ ಹತ್ತು ನಿಮಿಷದ ಹಾದಿ. 1472ರ ಹೊತ್ತಿಗೆ ಕಟ್ಟಿದ್ದು, 1696ರಲ್ಲಿ ಮದ್ದುಗುಂಡು ಸಿಡಿದು ಅರ್ಧ ಮುಖ ಹೋಯಿತು. ಉಳಿದ ಮಿನಾರಿನ ಬಣ್ಣದ ಹೆಂಚು ಪೂರ್ವಕ್ಕಿವೆ, ಹಾಗಾಗಿ ಬೆಳಿಗ್ಗೆ ಹೋಗಿ. ಒಂದೇ ಜಾಗ, ಒಂದೇ ಲೆನ್ಸ್, ತಿಂಗಳಿಗೊಂದು ಸಲ. ಮಳೆಗಾಲದ ಮೋಡದಲ್ಲಿ ಹೆಂಚಿನ ನೀಲಿ ಎದ್ದು ಬರುವುದನ್ನು ನಾನು ಮೂರನೇ ವರ್ಷ ಕಂಡೆ. ಟ್ರೈಪಾಡ್ ಒಯ್ಯುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಕೊನೆಯದು, ಪ್ರಿಂಟ್ ಹಾಕಿಸಿ. ಹಿಂದೆ ಹೆಸರು, ತಾರೀಖು ಬರೆದು ಫೋಟೊದಲ್ಲಿರುವವರಿಗೇ ಒಯ್ದು ಕೊಡಿ. ಅವರು ಎಲ್ಲಿ ಬೆರಳಿಡುತ್ತಾರೆ ನೋಡುತ್ತಿರಿ, ಹೊಗಳಿಕೆ ಕಿವಿಗೆ ಹಾಕಿಕೊಳ್ಳಬೇಡಿ. ಕಳೆದ ತಿಂಗಳು ಚಾಚಾಗೆ ಹೊಸ ಸುರಾಹಿಯ ದೊಡ್ಡ ಪ್ರಿಂಟ್ ಒಯ್ದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಕತ್ತಿನ ಹತ್ತಿರ ಉಗುರು ಊರಿ, "ಇಲ್ಲಿ ತಂತಿ ಎದ್ದದ ನೋಡು" ಅಂದವರೇ, ಕಟ್ಟಿಟ್ಟ ಪಾರ್ಸಲ್ ಬಿಚ್ಚಿ ಸುತ್ತಿಗೆ ಹುಡುಕತೊಡಗಿದರು.