ರಬ್ಬರ್ ಗೋಲಿಯಿಂದ ಮತ ಹಾಕುವುದು ಹೇಗೆ?

1945ರ ನವೆಂಬರ್ 11, ಭಾನುವಾರ. ಯುದ್ಧ ಮುಗಿದು ಆರು ತಿಂಗಳಾಗಿದೆ. ಯುಗೊಸ್ಲಾವಿಯದಲ್ಲಿ ಸಂವಿಧಾನ ರಚನಾ ಸಭೆಗೆ ಚುನಾವಣೆ. ಅಲ್ಲಿನ ಹಳ್ಳಿಯೊಂದರ ಮತಗಟ್ಟೆಯಲ್ಲಿ ನೀವೂ ಸಾಲಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಓದು ಬರಹ ಬರದಿದ್ದರೂ ಚಿಂತೆಯಿಲ್ಲ. ಇಲ್ಲಿ ಮತಚೀಟಿಯೇ ಇಲ್ಲ.

ಮೊದಲು ಪಟ್ಟಿಯಲ್ಲಿ ಹೆಸರಿರಬೇಕು. ವಯಸ್ಸು 18 ತುಂಬಿದ್ದರೆ ಸಾಕು. ಆಕ್ರಮಣಕಾರರ ವಿರುದ್ಧ ಕಾದಾಡಿದ ಪಾರ್ಟಿಜಾನ್ ಎಂಬ ಗೆರಿಲ್ಲಾ ಪಡೆಯಲ್ಲಿ ಹೋರಾಡಿದ್ದರೆ ಅದೂ ಬೇಕಿಲ್ಲ. ಇಡೀ ದೇಶದ ಚುನಾವಣೆಯಲ್ಲಿ ಹೆಂಗಸರು ಮತ ಹಾಕುತ್ತಿರುವುದು ಇದೇ ಮೊದಲು. ಶತ್ರುಗಳ ಜತೆ ಕೈಜೋಡಿಸಿದವರು ಎಂಬ ಹಣೆಪಟ್ಟಿ ಬಿದ್ದವರಿಗೆ ಮಾತ್ರ ಮತವಿಲ್ಲ.

ಒಳಗೆ ಹೋದ ಮೇಲೆ ಕೈಗೆ ಒಂದು ರಬ್ಬರ್ ಗೋಲಿ ಕೊಡುತ್ತಾರೆ. ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯಿರಿ. ಸಾಲಾಗಿ ಇಟ್ಟಿರುವ ಒಂದೊಂದು ಪೆಟ್ಟಿಗೆಯೊಳಗೂ ಮುಷ್ಟಿ ಇಳಿಸಿ. ಯಾವುದನ್ನೂ ಬಿಡಬಾರದು, ಗುಟ್ಟು ಇರುವುದೇ ಅಲ್ಲಿ. ನಿಮಗೆ ಬೇಕಾದ ಪೆಟ್ಟಿಗೆಯಲ್ಲಿ ಬೆರಳು ಸಡಿಲಿಸಿ ಗೋಲಿ ಬಿಡಿ. ಆಮೇಲೂ ಮುಷ್ಟಿ ತೆರೆಯದೆ ಮುಂದಿನದಕ್ಕೆ ಕೈ ಹಾಕಿ. ಗೋಲಿ ಎಲ್ಲಿ ಬಿತ್ತು ಅಂತ ನೋಡುತ್ತಿರುವವರಿಗೆ ತಿಳಿಯಬಾರದು, ಅಲ್ವಾ? ಸದನ ಎರಡು, ಫೆಡರಲ್ ಸಭೆ ಮತ್ತು ಜನಾಂಗಗಳ ಸಭೆ. ಹಾಗಾಗಿ ಇದನ್ನೇ ಇನ್ನೊಮ್ಮೆ ಮಾಡಬೇಕು.

ನಮ್ಮಲ್ಲೂ 1951-52ರ ಮೊದಲ ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಗುರುತು ಅಂಟಿಸಿದ ಬೇರೆ ಬೇರೆ ಪೆಟ್ಟಿಗೆಗಳಿದ್ದವು. ಅಕ್ಷರ ಬಾರದವರ ಮರ್ಯಾದೆ ಕಾಯುವ ಇಂಥ ಉಪಾಯಗಳನ್ನು ಕಂಡರೆ ನನಗೆ ತುಂಬಾ ಗೌರವ.

ಆದರೆ ಗೋಲಿ ಹಾಕಲು ಯಾವ ಯಾವ ಪೆಟ್ಟಿಗೆ ಇದ್ದವು? ಅದನ್ನೂ ಹೇಳಬೇಕು. ಒಂದು ಕಮ್ಯುನಿಸ್ಟ್ ನಾಯಕ, ಆಗಿನ ಪ್ರಧಾನಿ ಟಿಟೊ ಮುಂದಾಳತ್ವದ ಪೀಪಲ್ಸ್ ಫ್ರಂಟ್ ಎಂಬ ಒಕ್ಕೂಟದ್ದು. ಟಿಟೊ ಸರ್ಕಾರದಲ್ಲಿ ಉಪಪ್ರಧಾನಿಯಾಗಿದ್ದ, ಕಮ್ಯುನಿಸ್ಟರಲ್ಲದ ನಾಯಕ ಮಿಲಾನ್ ಗ್ರೋಲ್ ಆಗಸ್ಟ್‌ನಲ್ಲೇ ರಾಜೀನಾಮೆ ಕೊಟ್ಟಿದ್ದರು. ಪ್ರಚಾರಕ್ಕೆ ಸರಿಯಾದ ಅವಕಾಶವೇ ಇಲ್ಲ ಎಂದು ವಿರೋಧ ಪಕ್ಷಗಳು ಚುನಾವಣೆಯಿಂದ ದೂರ ಉಳಿದವು. ಅವರ ಬದಲಿಗೆ ಬಂದದ್ದು ಯಾರ ಹೆಸರೂ ಇಲ್ಲದ ಪೆಟ್ಟಿಗೆ. ಜನ ಅದನ್ನು ಕುರುಡು ಪೆಟ್ಟಿಗೆ ಎಂದು ಕರೆದರು. ಬೇಡ ಅನ್ನುವವರು ಅದಕ್ಕೇ ಗೋಲಿ ಹಾಕಬೇಕಿತ್ತು. ಬೇಡ ಅನ್ನಬಹುದಿತ್ತು, ಆದರೆ ಇಂಥವರು ಬೇಕು ಅನ್ನಲು ಇನ್ನೊಂದು ಹೆಸರಿರಲಿಲ್ಲ. ಇದು ದೊಡ್ಡ ಕೊರತೆ ಅಂತಲೇ ನನ್ನ ಅನಿಸಿಕೆ.

ಸುಮಾರು 88 ಶೇಕಡ ಮತದಾರರು ಬಂದರು. ಫೆಡರಲ್ ಸಭೆಗೆ ಬಿದ್ದ ಗೋಲಿಗಳಲ್ಲಿ 90 ಶೇಕಡಕ್ಕೂ ಜಾಸ್ತಿ ಫ್ರಂಟ್ ಪಾಲಾದವು. ಉಳಿದವು ಕುರುಡು ಪೆಟ್ಟಿಗೆಯಲ್ಲಿದ್ದವು. ನವೆಂಬರ್ 29ರಂದು ಹೊಸ ಸಭೆ ರಾಜಪ್ರಭುತ್ವವನ್ನು ತೆಗೆದುಹಾಕಿ ಗಣರಾಜ್ಯ ಘೋಷಿಸಿತು. ರಾಜ ಎರಡನೇ ಪೀಟರ್ ಆಗ ದೇಶದಲ್ಲೇ ಇರಲಿಲ್ಲ. ಸಂವಿಧಾನ 1946ರ ಜನವರಿ 31ರಂದು ಒಪ್ಪಿಗೆ ಪಡೆಯಿತು.