ಕಾಲಾಳುಗಳಿಂದ ಪ್ರೇತಸೇನೆ: ಮಿನಿಯೇಚರ್ ಮಾರ್ಪಡಿಸಿ ಬಣ್ಣ ಹಚ್ಚುವ ಬಗೆ

ಮೇಜಿನ ಮೇಲೆ ಪುಟ್ಟ ಬೊಂಬೆಗಳನ್ನು (ಮಿನಿಯೇಚರ್) ಇಟ್ಟು ಆಡುವ ಯುದ್ಧದಾಟಕ್ಕೆ ಪ್ರೇತಸೇನೆ ಕಟ್ಟಲು ಅದೇ ಹೆಸರಿನ ಪೆಟ್ಟಿಗೆಯನ್ನೇ ಕೊಳ್ಳಬೇಕೆಂದಿಲ್ಲ. ಮಧ್ಯಯುಗದ ಕಾಲಾಳುಗಳ ಒಂದು ಪ್ಲಾಸ್ಟಿಕ್ ಕಿಟ್, ಅಸ್ಥಿಪಂಜರದ ಕಿಟ್‌ನಲ್ಲಿ ಮಿಕ್ಕ ಒಂದಷ್ಟು ತಲೆ, ಕೈಗಳಿದ್ದರೆ ಸಾಕು. ಇಂಥ ಕೆಲಸ ಕೆಡುವುದು ಬಹುಪಾಲು ಬಣ್ಣದಲ್ಲಲ್ಲ. ಅಳತೆಯಲ್ಲಿ, ಆಮೇಲೆ ಕುತ್ತಿಗೆಯ ಜೋಡಣೆಯಲ್ಲಿ.

ಪೆಟ್ಟಿಗೆಯ ಮೇಲಿನ 28 ಮಿ.ಮೀ. ಎಂಬ ಎತ್ತರವನ್ನು ನಂಬಿ ಕೂರಬೇಡಿ. ಒಬ್ಬ ತಯಾರಕರು ಪಾದದಿಂದ ಕಣ್ಣಿನವರೆಗೆ ಅಳೆದರೆ, ಇನ್ನೊಬ್ಬರು ನೆತ್ತಿಯವರೆಗೆ ಅಳೆಯುತ್ತಾರೆ. ಸಾಲದ್ದಕ್ಕೆ ‘ಹೀರೋಯಿಕ್’ ಶೈಲಿಯ ಕಿಟ್‌ಗಳಲ್ಲಿ ತಲೆ, ಅಂಗೈ, ಆಯುಧ ಮೂರನ್ನೂ ಬೇಕೆಂದೇ ದಪ್ಪಗೆ ಮಾಡಿರುತ್ತಾರೆ. ಎತ್ತರ ಒಂದೆರಡು ಮಿ.ಮೀ. ಕಡಿಮೆಯಾದರೆ ಕಾಲಡಿ ಕಾರ್ಕ್ ತುಂಡು ಇಟ್ಟು ಸರಿದೂಗಿಸಬಹುದು, ತಲೆ ದೊಡ್ಡದಾದರೆ ಉಪಾಯವಿಲ್ಲ. ಹಾಗಾಗಿ ಕತ್ತರಿಸುವ ಮೊದಲು, ಮತ್ತೆ ಕಿತ್ತು ತೆಗೆಯಬಹುದಾದ ಮೆತ್ತನೆ ಅಂಟಾದ ಬ್ಲೂ ಟ್ಯಾಕ್‌ನಿಂದ ತಲೆಯನ್ನು ಅಂಟಿಸಿ, ತೋಳಳತೆ ದೂರದಿಂದ ನೋಡಿ. ಆಟದಲ್ಲಿ ಕಾಣುವುದು ಅಷ್ಟು ದೂರದಿಂದಲೇ. ಆಡುವ ಆಟದ ನಿಯಮದಲ್ಲಿ ಬೊಂಬೆಯ ಕಾಲಡಿಯ ತಟ್ಟೆ, ಅಂದರೆ ಬೇಸ್‌ನ ಅಳತೆ ಎಷ್ಟೆಂಬುದನ್ನೂ ಈಗಲೇ ನೋಡಿಕೊಳ್ಳಿ. ಟೂರ್ನಮೆಂಟ್‌ಗೆ ಒಯ್ಯುವುದಿದ್ದರೆ ಬೇರೆ ತಯಾರಕರ ಬೊಂಬೆಗಳಿಗೆ ಅನುಮತಿ ಇದೆಯೇ ಎಂದು ಮೊದಲೇ ಕೇಳಿ.

ಇನ್ನು ಕುತ್ತಿಗೆ. ಬಿಸಾಡುವ ತಲೆಯ ಕಡೆಗೆ ತುಸು ಸರಿದು ಕತ್ತರಿಸಿ, ಉಳಿದದ್ದನ್ನು ಚಾಕುವಿನಿಂದ ತೆಳ್ಳಗೆ ಹೆರೆಯಿರಿ. ಕ್ಲಿಪ್ಪರ್ ಅನ್ನು ಅಂಗಿಯ ಕಾಲರ್‌ಗೆ ತಾಗಿಸಿಯೇ ಒತ್ತಿದರೆ ಕಾಲರ್ ಜಜ್ಜಿಹೋಗುತ್ತದೆ. ಮನುಷ್ಯನ ಕಾಲರ್ ಅಗಲ, ಅಸ್ಥಿಪಂಜರದ ಕುತ್ತಿಗೆ ಸಣಕಲು. ಸುತ್ತಲಿನ ಸಂದನ್ನು ಪುಟ್ಟಿಯಿಂದ ತುಂಬಿಸುವವರೇ ಹೆಚ್ಚು, ಅದು ತಪ್ಪು. ಕೈ ಡ್ರಿಲ್‌ನಿಂದ ಕಾಲರ್‌ನ ಒಳಗನ್ನು 2 ಮಿ.ಮೀ. ಆಳಕ್ಕೆ ಕೊರೆದು ಟೊಳ್ಳು ಮಾಡಿ. ಆ ಟೊಳ್ಳಿನಲ್ಲಿ ನಿಲ್ಲುವ ಕತ್ತಲೇ ಬಟ್ಟೆಯೊಳಗೆ ಮೈಯಿಲ್ಲ ಎಂಬುದನ್ನು ತೋರಿಸುತ್ತದೆ.

ತಲೆ ನಿಲ್ಲಲು 0.8 ಮಿ.ಮೀ. ಹಿತ್ತಾಳೆ ತಂತಿ, 1 ಮಿ.ಮೀ. ಬಿಟ್ ಬೇಕು. ತೂತು ಕೊಂಚ ಸಡಿಲವಿದ್ದರೆ ತಲೆಯನ್ನು ಬೇಕಾದತ್ತ ವಾಲಿಸಬಹುದು. ಎರಡು ತೂತು ಎದುರುಬದುರು ಬರಲು, ಮುಂಡಕ್ಕೆ ತಂತಿ ಕೂರಿಸಿ ತುದಿಗೆ ಬಣ್ಣ ಮುಟ್ಟಿಸಿ, ತಲೆಯನ್ನು ಅದಕ್ಕೆ ಒತ್ತಿ. ಚುಕ್ಕೆ ಬಿದ್ದಲ್ಲಿ ಕೊರೆಯಿರಿ.

ಪ್ಲಾಸ್ಟಿಕ್ ಸಿಮೆಂಟ್ ಪಾಲಿಸ್ಟೈರೀನ್ ಅನ್ನು ಕರಗಿಸಿ ಬೆಸೆಯುತ್ತದೆ. ರೆಸಿನ್‌ಗೂ ಲೋಹಕ್ಕೂ ಅದು ಹಿಡಿಯದು, ಅಲ್ಲಿ ಸೂಪರ್ ಗ್ಲೂ ಬೇಕು. ಆದರೆ ಸೂಪರ್ ಗ್ಲೂ ಬೆಸುಗೆ ಪಕ್ಕದಿಂದ ಪೆಟ್ಟು ಬಿದ್ದರೆ ಪಟ್ಟನೆ ಬಿಡುತ್ತದೆ, ಹಾಗಾಗಿಯೇ ತಂತಿ. ರೆಸಿನ್ ಉಜ್ಜುವಾಗ ನೀರು ಹಾಕಿ ಉಜ್ಜಿ, ಮಾಸ್ಕ್ ಧರಿಸಿ.

ಹರಿದ ಮೇಲಂಗಿ ಮಾಡಲು ಗ್ರೀನ್ ಸ್ಟಫ್, ಅಂದರೆ ನೀಲಿ, ಹಳದಿ ಎರಡನ್ನು ಬೆರೆಸಿದರೆ ಗಟ್ಟಿಯಾಗುವ ಪುಟ್ಟಿ. ಪಟ್ಟಿಯ ರೂಪದಲ್ಲಿ ಬಂದಿದ್ದರೆ ನೀಲಿ, ಹಳದಿ ಕೂಡುವ ನಡುಗೆರೆಯನ್ನು ಕತ್ತರಿಸಿ ಎಸೆಯಿರಿ, ಅಲ್ಲಿ ಆಗಲೇ ಗಟ್ಟಿಯಾದ ಹರಳುಗಳಿರುತ್ತವೆ. ಸಮಸಮ ಬೆರೆಸಿ ಒಂದೇ ಹಸಿರಾಗುವವರೆಗೆ ನಾದಿ. ಹಳದಿ ಹೆಚ್ಚಾದರೆ ಮೆತ್ತಗೆ, ಅಂಟಂಟು. ನೀಲಿ ಹೆಚ್ಚಾದರೆ ಬಿರುಸು. ಒದ್ದೆ ಪ್ಲಾಸ್ಟಿಕ್ ಹಾಳೆಯ ಮೇಲೆ ಅರ್ಧ ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಅರ್ಧ ಗಂಟೆಯಷ್ಟು ಹಾಗೇ ಬಿಡಿ. ತಕ್ಷಣ ಎತ್ತಿದರೆ ಜೋಲುತ್ತದೆ, ಬೆರಳಚ್ಚು ಮೂಡುತ್ತದೆ. ಬಿಗಿ ಬಂದ ಮೇಲೆ ಭುಜದ ಮೇಲೆ ಹೊದಿಸಿ, ಅಂಚನ್ನು ಸೂಜಿಯಿಂದ ಕೆಳಮುಖವಾಗಿ ಎಳೆದು ಹರಿಯಿರಿ. ಒಂದು ದಿನ ಮುಟ್ಟಬೇಡಿ. ಗ್ರೀನ್ ಸ್ಟಫ್ ಒಣಗಿದ ಮೇಲೆ ಉಜ್ಜಿದರೆ ಎಳೆ ಏಳುತ್ತದೆ, ನುಣುಪು ಬೇಕಾದ ಕಡೆ ಮಿಲಿಪುಟ್ ಎಂಬ ಇನ್ನೊಂದು ಪುಟ್ಟಿ ವಾಸಿ.

ಸೋಪು ನೀರಿನಲ್ಲಿ ತೊಳೆದು ಒಣಗಿಸಿ ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಹೊಡೆಯುವ ಸ್ಪ್ರೇ) ಹೊಡೆಯಿರಿ. ಸುಮಾರು 20ರಿಂದ 25 ಸೆಂ.ಮೀ. ದೂರ, ಬೊಂಬೆಯ ಆಚೆ ಶುರುಮಾಡಿ ಈಚೆ ನಿಲ್ಲಿಸುವಂಥ ತೆಳು ಬೀಸು. ದೂರ ಹೆಚ್ಚಿದರೆ ಹನಿಗಳು ಗಾಳಿಯಲ್ಲೇ ಒಣಗಿ ಮೈಮೇಲೆ ಮರಳಿನಂತೆ ಕೂರುತ್ತವೆ. ಮೊದಲು ಪೂರ್ತಿ ಕಪ್ಪು, ಆಮೇಲೆ ಮೇಲಿನಿಂದಷ್ಟೇ ತೆಳು ಬಿಳಿ. ಬೇರೆ ಬೇರೆ ಕಿಟ್‌ಗಳ ತುಂಡುಗಳು ಒಂದೇ ಮೈಯಾಗುವುದು ಇಲ್ಲಿಯೇ, ಬಿಟ್ಟುಹೋದ ಸಂದುಗಳು ಎದ್ದು ಕಾಣುವುದೂ ಇಲ್ಲಿಯೇ. ಕಂಡವನ್ನು ಈಗಲೇ ತುಂಬಿಸಿ.

ಬಣ್ಣ ಮೂರಕ್ಕೆ ಮೀರದಿರಲಿ: ಮೂಳೆ, ಬಟ್ಟೆ, ತುಕ್ಕು. ಮೂಳೆಗೆ ತಿಳಿ ಕಂದು ಬಳಿದು, ಮೇಲೆ ಕಂದು ವಾಶ್ (ಸಂದುಗಳಿಗೆ ಇಳಿಯುವ ನೀರು ಬಣ್ಣ), ಒಣಗಿದ ಮೇಲೆ ದಂತವರ್ಣದ ಡ್ರೈಬ್ರಶ್ (ಬಣ್ಣವನ್ನು ಬಹುಪಾಲು ಒರೆಸಿದ ಕುಂಚವನ್ನು ಉಬ್ಬುಗಳ ಮೇಲೆ ಸವರುವುದು). ವಾಶ್ ಎಲ್ಲಾದರೂ ಮಡುಗಟ್ಟಿದರೆ ಹಸಿಯಿರುವಾಗಲೇ ಒಣ ಕುಂಚದಿಂದ ಹೀರಿ ತೆಗೆಯಿರಿ. ಅರೆ ಒಣಗಿದ್ದನ್ನು ಮುಟ್ಟಿದರೆ ಕಲೆ ಉಳಿಯುತ್ತದೆ. ಅದೇ ಕಂದು ವಾಶ್ ಬಟ್ಟೆಗೂ ಲೋಹಕ್ಕೂ ಹೋಗಲಿ, ದಳವೆಲ್ಲ ಒಂದೇ ಮಣ್ಣಿನಿಂದ ಎದ್ದು ಬಂದಂತಿರುತ್ತದೆ. ತುಕ್ಕಿಗೆ ಸ್ಪಂಜಿನ ಚೂರನ್ನು ಕಿತ್ತಳೆ ಕಂದಿನಲ್ಲಿ ಅದ್ದಿ, ಕಾಗದಕ್ಕೆ ಒತ್ತಿ ಒರೆಸಿ, ಈಟಿಯ ಮೊನೆಗೆ ತಟ್ಟಿ. ಬೆಳ್ಳಿ ಬಣ್ಣ ಅಂಚಿಗೆ ಮಾತ್ರ.

ಸಾಲುಗಟ್ಟಿ ನಿಲ್ಲುವ ಆಟವಾದರೆ ಬೇಸ್‌ಗೆ ಅಂಟಿಸುವ ಮುನ್ನ ಎಲ್ಲ ಬೊಂಬೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಬ್ಬನ ಈಟಿ ಇನ್ನೊಬ್ಬನ ತಲೆಬುರುಡೆಗೆ ತಾಗುತ್ತಿದ್ದರೆ ಅವನನ್ನು ಸಾಲಿನ ತುದಿಗೆ ಕಳಿಸಿ. ಕೊನೆಗೆ ಮ್ಯಾಟ್ ವಾರ್ನಿಶ್. ಡಬ್ಬಿಯನ್ನು ಎರಡು ನಿಮಿಷ ಅಲುಗಾಡಿಸಿ, ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಹೊಡೆಯಲೇಬೇಡಿ, ಬಿಳಿ ಮಂಜು ಹಿಡಿಯುತ್ತದೆ. ಅನುಮಾನವಿದ್ದರೆ ಮೊದಲು ಮಿಕ್ಕ ತುಂಡೊಂದರ ಮೇಲೆ ಹೊಡೆದು ನೋಡಿ.