ಬೇಟೆಗಾರರ ಬಿಲ್ಲು, ತುಮಕೂರಿನ ಹೊಲ

ಬಿದಿರಿನ ಬಿಲ್ಲು ಮಾಡಿಕೊಂಡು ಓಡಾಡುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು. "ಬೇಟೆ ಆಡ್ತೀರಾ?" ಇಲ್ಲ, ಆಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವತ್ತು ನಮ್ಮಲ್ಲಿ ಬೇಟೆ ಅಪರಾಧ. ಮೊಲ ಹೊಡೆದರೂ ಅಪರಾಧವೇ. ಅದು ಸರಿ ಅಂತಲೇ ನಾನು ನಂಬಿದ್ದೇನೆ. ನಮ್ಮ ಸುತ್ತಲಿನ ಗುಡ್ಡಗಳಲ್ಲಿ ಉಳಿದಿರುವ ಪ್ರಾಣಿಗಳೇ ಕಡಿಮೆ.

ಆದರೂ ನಾನು ಕಲಿತದ್ದು ಬೇಟೆಗಾರರ ಬಿಲ್ಲುಗಾರಿಕೆಯನ್ನೇ. ಮೈದಾನದಲ್ಲಿ ಗೆರೆಯ ಮೇಲೆ ನಿಂತು, ಅಳೆದ ದೂರಕ್ಕೆ, ಬಣ್ಣದ ವೃತ್ತಕ್ಕೆ ಹೊಡೆಯುವುದು ಒಂದು ದಾರಿ. ಬೇಟೆಗಾರರ ದಾರಿ ಬೇರೆ. ಕಲ್ಲು ಮುಳ್ಳಿನ ನೆಲದಲ್ಲಿ ನಡೆಯಬೇಕು. ದೂರ ಎಷ್ಟು ಅಂತ ಯಾರೂ ಹೇಳುವುದಿಲ್ಲ. ಬಿಲ್ಲಿನ ಮೇಲೆ ಗುರಿ ಹಿಡಿಯುವ ಯಾವ ಸಾಧನವೂ ಇರುವುದಿಲ್ಲ. ಇರುವುದು ಒಂದೇ ಬಾಣ. ಈ ದಾರಿಯನ್ನು ಒಂದು ಜೀವಕ್ಕೂ ನೋವು ಮಾಡದೆ ತುಮಕೂರಿನ ಹೊಲದಲ್ಲಿ ನಡೆಯಬಹುದು. ನಾವು ಒಂದಷ್ಟು ಜನ ನಡೆಯುತ್ತಿದ್ದೇವೆ.

ನಮ್ಮದು ಕೊರಟಗೆರೆ ಕಡೆಯ ಊರು. ತಾತನ ಕಾಲದಲ್ಲಿ ಯುಗಾದಿ ಮುಗಿದ ಮೇಲೆ ಊರಿಗೆ ಊರೇ ಬೇಟೆಗೆ ಹೋಗುತ್ತಿತ್ತಂತೆ. ಬಲೆ ಕಟ್ಟಿದವರು, ಪೊದೆ ಬಡಿದವರು, ನಾಯಿ ತಂದವರು, ಎಲ್ಲರಿಗೂ ಪಾಲು. ನಾಯಿಗೂ ಒಂದು ಪಾಲು. ಏನು ಸಿಕ್ಕಿತು ಅನ್ನುವುದಕ್ಕಿಂತ ಪಾಲು ಹೇಗೆ ಹಾಕಿದರು ಅನ್ನುವುದನ್ನೇ ತಾತ ಜಾಸ್ತಿ ಹೇಳುತ್ತಿದ್ದರು. ನಾಯಿಯ ಪಾಲಿನ ಮಾತು ಬಂದರೆ ನನಗೆ ಆತಕೂರಿನ ಕಲ್ಲು ನೆನಪಾಗುತ್ತದೆ. ಮಂಡ್ಯ ಜಿಲ್ಲೆಯಲ್ಲಿ ಸಿಕ್ಕ 10ನೇ ಶತಮಾನದ ಕಲ್ಲು ಅದು. ಹಂದಿಯ ಮೇಲೆ ಬಿದ್ದು ಕಾದಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ನಿಲ್ಲಿಸಿದ್ದು. ಬೇಟೆಯಲ್ಲಿ ಜೊತೆಗಿದ್ದವರನ್ನು ಮರೆಯಬಾರದು ಅನ್ನುವುದು ಈ ನಾಡಿನಲ್ಲಿ ಅಷ್ಟು ಹಳೆಯದು.

ಬಿಲ್ಲಿನ ಹುಚ್ಚು ಹಿಡಿದದ್ದು ಮಾತ್ರ ದೂರದ ಕಥೆಯಿಂದ. 1911ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಓರೋವಿಲ್ ಎಂಬ ಊರಿಗೆ ಕಾಡಿನಿಂದ ಒಬ್ಬನೇ ಒಬ್ಬ ಮನುಷ್ಯ ಬಂದ. ಅವನು ಯಾಹಿ ಬುಡಕಟ್ಟಿನವನು. ಅವನ ಜನರೆಲ್ಲ ತೀರಿಹೋಗಿದ್ದರು. ಜನ ಅವನನ್ನು ಇಶಿ ಅಂತ ಕರೆದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಯಾಕ್ಸ್‌ಟನ್ ಪೋಪ್ ಎಂಬ ಡಾಕ್ಟರು ಅವನ ಸ್ನೇಹಿತರಾದರು. ಇಶಿ ಅವರಿಗೆ ಬಿಲ್ಲು ಮಾಡುವುದನ್ನು, ಬಾಣ ಕಟ್ಟುವುದನ್ನು, ಸದ್ದಿಲ್ಲದೆ ಪ್ರಾಣಿಯ ಹತ್ತಿರ ಹೋಗುವುದನ್ನು ತೋರಿಸಿಕೊಟ್ಟ. 1916ರಲ್ಲಿ ಕ್ಷಯದಿಂದ ತೀರಿಕೊಂಡ. ಪೋಪ್ ಮತ್ತು ಅವರ ಗೆಳೆಯ ಆರ್ಟ್ ಯಂಗ್ ಆ ವಿದ್ಯೆಯನ್ನು ಮುಂದುವರಿಸಿದರು. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲಿನಿಂದ ಜಿಂಕೆ ಬೇಟೆಯಾಡಲು ಕಾನೂನು ಪ್ರಕಾರ ಪ್ರತ್ಯೇಕ ಅವಧಿ ಕೊಟ್ಟಿತು. ಇವತ್ತು ಅಮೆರಿಕದಲ್ಲಿ ಲಕ್ಷಾಂತರ ಜನ ಲೈಸೆನ್ಸ್ ತೆಗೆದುಕೊಂಡು ಬಿಲ್ಲಿನ ಬೇಟೆಗೆ ಹೋಗುತ್ತಾರೆ. ಅವರಲ್ಲಿ ಸ್ವಲ್ಪ ಜನ ಈಗಲೂ ಬರೀ ಮರದ ಬಿಲ್ಲು ಹಿಡಿಯುತ್ತಾರೆ. ಒಬ್ಬ ಮನುಷ್ಯ ಇನ್ನೊಬ್ಬನ ಪಕ್ಕ ಕೂತು ಕಲಿಸಿದ್ದು ಇಷ್ಟು ದೂರ ಬಂತಲ್ಲ, ಅದು ನನ್ನ ಮನಸ್ಸಿಗೆ ನಾಟಿತು.

ನನಗೂ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವವರು ಬೇಕಿತ್ತು. ತುಮಕೂರಿನಲ್ಲಿ ಬುಟ್ಟಿ, ಮೊರ ಹೆಣೆಯುವ ಮೇದರ ತಾತನ ಹತ್ತಿರ ಹೋದೆ.

"ಏನಪ್ಪಾ, ಏಣಿಗಾ ಬಿದಿರು?"

"ಬಿಲ್ಲಿಗೆ ತಾತ."

ತಾತ ನಗಲಿಲ್ಲ. ಎದ್ದು ಒಳಗೆ ಹೋದರು. ಒಣಗಿದ ಬಿದಿರೊಂದನ್ನು ತಂದು ಬೆರಳಿನಿಂದ ತಟ್ಟಿ ಸದ್ದು ಕೇಳಿಸಿದರು. "ಇದು ಮೂರು ವರ್ಷ ಬಲಿತಿರೋದು. ಎಳೇದಾದ್ರೆ ಬಗ್ಗುತ್ತೆ, ಆದ್ರೆ ವಾಪಸ್ ಬರಲ್ಲ." ಆಮೇಲೆ ಅವರಿಂದ ಕಲಿತದ್ದು ಬಹಳ. ಮಳೆಗಾಲದಲ್ಲಿ ಕಡಿದ ಬಿದಿರಿಗೆ ಬೇಗ ಹುಳ ಬೀಳುತ್ತದೆ. ಚಳಿಗಾಲದಲ್ಲಿ ಕಡಿದು, ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಸೀಳು ಬಿಡುತ್ತದೆ.

ಬಿಲ್ಲಿಗೆ ದಪ್ಪ ಗೋಡೆಯ ದೊಡ್ಡ ಬಿದಿರು ಬೇಕು. ಅದನ್ನು ಉದ್ದಕ್ಕೆ ಸೀಳಿ, ಎರಡು ಬೆರಳು ಅಗಲದ ಪಟ್ಟಿ ತೆಗೆಯುತ್ತೇವೆ. ಉದ್ದ ಹೆಚ್ಚುಕಡಿಮೆ ನಮ್ಮ ಎತ್ತರದಷ್ಟು. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಬಿದಿರಿನ ಹೊರಮೈ ಮುಟ್ಟಬಾರದು. ಆ ಹಸಿರು ಸಿಪ್ಪೆಯ ಕೆಳಗೇ ನಾರು ಒತ್ತಾಗಿರುವುದು. ಬಿಲ್ಲು ಬಾಗಿದಾಗ ಹೊರಗಡೆ ಎಳೆತ ಬೀಳುತ್ತದೆ, ಒಳಗಡೆ ಒತ್ತಡ ಬೀಳುತ್ತದೆ. ಎಳೆತ ತಡೆಯುವುದು ಆ ಸಿಪ್ಪೆ. ಆದ್ದರಿಂದ ಸಿಪ್ಪೆ ಗುರಿಯ ಕಡೆಗೆ ಇರಬೇಕು. ಕೆತ್ತುವುದೆಲ್ಲ ಒಳಗಡೆಯಿಂದ, ನಡುವಿನಿಂದ ತುದಿಯ ಕಡೆಗೆ ತೆಳ್ಳಗಾಗುತ್ತ ಹೋಗುವ ಹಾಗೆ.

ಕೆತ್ತುವುದಕ್ಕಿಂತ ನೋಡುವುದಕ್ಕೇ ಜಾಸ್ತಿ ಹೊತ್ತು ಬೇಕು. ಬಿಲ್ಲನ್ನು ಗೋಡೆಯ ಗೂಟಕ್ಕೆ ಕೂರಿಸಿ, ಹೆದೆಗೆ ಹಗ್ಗ ಕಟ್ಟಿ ಕೆಳಗಿನಿಂದ ಸ್ವಲ್ಪ ಎಳೆದು, ದೂರ ನಿಂತು ನೋಡುತ್ತೇವೆ. ಎರಡೂ ಕಡೆ ಸಮವಾಗಿ ಬಾಗುತ್ತಿದೆಯಾ? ಗಟ್ಟಿಯಾಗಿ ಉಳಿದ ಜಾಗಕ್ಕೆ ಪೆನ್ಸಿಲ್ ಗುರುತು. ಗುರುತು ಇದ್ದ ಕಡೆ ಮಾತ್ರ ಗಾಜಿನ ಚೂರಿನಿಂದ ಹೆರೆಯುವುದು. ಮತ್ತೆ ಗೂಟಕ್ಕೆ. ಈ ಕೆಲಸಕ್ಕೆ ಇನ್ನೊಬ್ಬರು ಇರಲೇಬೇಕು. ಎಳೆಯುವವನಿಗೆ ಬಾಗು ಕಾಣುವುದಿಲ್ಲ. ತಾತ ಹಗ್ಗ ಎಳೆಯುತ್ತಿದ್ದರು, ನಾನು ನೋಡುತ್ತಿದ್ದೆ. ಆಮೇಲೆ ಜಾಗ ಬದಲಾಯಿಸುತ್ತಿದ್ದೆವು. ಕೊನೆಗೆ ಒಳಮೈಯನ್ನು ಕೆಂಡದ ಮೇಲೆ ನಿಧಾನವಾಗಿ ಬಾಡಿಸಿದರೆ ಬಿದಿರು ಇನ್ನೂ ಬಿಗಿಯಾಗುತ್ತದೆ. ಹೆದೆಗೆ ಪಾಲಿಯೆಸ್ಟರ್ ದಾರ ಹೊಸೆದು ಜೇನುಮೇಣ ಸವರುತ್ತೇನೆ. ನೈಲಾನ್ ಬೇಡ, ಅದು ಹಿಗ್ಗುತ್ತದೆ.

ಹೊಡೆಯುವುದನ್ನು ಕಲಿಸಿದ್ದು ಕಾಲೇಜು ಓದುವ ಒಬ್ಬ ಹುಡುಗಿ. ಅವಳು ಇಂಡಿಯನ್ ರೌಂಡ್ ಆಡುತ್ತಾಳೆ. ಬಿದಿರಿನ ಬಿಲ್ಲಿನಲ್ಲಿ 30 ಮತ್ತು 50 ಮೀಟರ್ ದೂರಕ್ಕೆ ಹೊಡೆಯುವ ಸ್ಪರ್ಧೆ ಅದು. ರಾಜಸ್ಥಾನದ ಲಿಂಬಾ ರಾಮ್ ಕೂಡ ಚಿಕ್ಕಂದಿನಲ್ಲಿ ಬಿದಿರಿನ ಬಿಲ್ಲು ಹಿಡಿದು ಕಾಡಿನಲ್ಲಿ ಬೆಳೆದವರೇ. ಆಮೇಲೆ ಮೂರು ಒಲಿಂಪಿಕ್ಸ್ ಆಡಿದರು. ನನ್ನ ಅರ್ಧ ವಯಸ್ಸಿನ ಆ ಹುಡುಗಿ, "ಅಂಕಲ್, ಕೈಯಲ್ಲಿ ಎಳೀಬೇಡಿ, ಬೆನ್ನಲ್ಲಿ ಎಳೀರಿ" ಅಂತ ಹೇಳಿಕೊಟ್ಟಳು. ಭುಜದ ಹಿಂದಿನ ಮೂಳೆಗಳು ಹತ್ತಿರ ಬರುವ ಹಾಗೆ ಎಳೆದರೆ ತೋಳು ನಡುಗುವುದಿಲ್ಲ. ಹೆದೆ ಹಿಡಿದ ಬೆರಳು ಪ್ರತಿ ಸಲವೂ ತುಟಿಯ ಅಂಚಿಗೇ ಬರಬೇಕು. ಎರಡೂ ಕಣ್ಣು ತೆರೆದಿರಬೇಕು. ದ್ರೋಣರು ಕೇಳಿದಾಗ ಅರ್ಜುನ ಹಕ್ಕಿಯ ಕಣ್ಣು ಮಾತ್ರ ಕಾಣುತ್ತಿದೆ ಅಂದನಲ್ಲ, ಹೊಡೆಯುವ ರೀತಿ ಅದೇ. ಬಾಣದ ತುದಿ ನೋಡದೆ ಗುರಿಯೊಳಗಿನ ಒಂದು ಚುಕ್ಕೆಯನ್ನು ಮಾತ್ರ ನೋಡುವುದು.

ಏಕಲವ್ಯನ ಕಥೆ ಹೇಳಿ "ಒಬ್ಬನೇ ಕಲೀಬಹುದಲ್ವಾ" ಅನ್ನುವವರಿದ್ದಾರೆ. ನನ್ನ ಅನುಭವದಲ್ಲಿ ಆಗುವುದಿಲ್ಲ. ಬಾಣ ಬಿಡುವ ಕ್ಷಣದಲ್ಲಿ ನನ್ನ ಮೊಣಕೈ ಎಲ್ಲಿತ್ತು ಅಂತ ನನಗೆ ಹೇಗೆ ಗೊತ್ತಾಗಬೇಕು? ಪಕ್ಕದವರೇ ಹೇಳಬೇಕು.

ಪಕ್ಕದವರು ನಿಧಾನವಾಗಿ ಸೇರಿಕೊಂಡರು. ತಿಪಟೂರಿನ ಕೊಬ್ಬರಿ ವ್ಯಾಪಾರದ ಅಣ್ಣ ಒಬ್ಬರು. ಅವರು ತೆಂಗಿನ ನಾರು ತುಂಬಿದ ಗೋಣಿಚೀಲಗಳನ್ನು ಕೊಡುತ್ತಾರೆ. ಬಾಣ ತಡೆಯುವುದಕ್ಕೆ ಅದಕ್ಕಿಂತ ಒಳ್ಳೆಯ ವಸ್ತು ನಾನು ನೋಡಿಲ್ಲ. ಎಳೆದರೆ ಬಾಣ ಸಲೀಸಾಗಿ ಬರುತ್ತದೆ. ಕೋಳಿ ಫಾರಂ ಇಟ್ಟಿರುವ ಅಕ್ಕ ಟರ್ಕಿ ಕೋಳಿಯ ಉದುರಿದ ಗರಿ ತಂದುಕೊಡುತ್ತಾರೆ. ಒಂದು ಬಾಣಕ್ಕೆ ಕಟ್ಟುವ ಮೂರು ಗರಿಯೂ ಒಂದೇ ಕಡೆಯ ರೆಕ್ಕೆಯದಾಗಿರಬೇಕು. ಎಡ ಬಲ ಬೆರೆಸಿದರೆ ಬಾಣ ಸರಿಯಾಗಿ ತಿರುಗುವುದಿಲ್ಲ. ಅಕ್ಕ ಅವನ್ನು ಬೇರೆ ಬೇರೆ ಕಟ್ಟಿಯೇ ತರುತ್ತಾರೆ. ಹೊಲ ಇನ್ನೊಬ್ಬ ಗೆಳೆಯನದು. ಅಲ್ಲಿ ಒಂದು ಎತ್ತರದ ಮಣ್ಣಿನ ದಿಬ್ಬ ಇದೆ. ಎಲ್ಲ ಗುರಿಗಳನ್ನೂ ಆ ದಿಬ್ಬದ ಮುಂದೆಯೇ ಇಡುತ್ತೇವೆ.

ನಾರಿನ ಚೀಲಗಳಿಗೆ ಜಿಂಕೆ, ಹಂದಿಯ ಆಕಾರ ಕೊಟ್ಟು ಪೊದೆ ಬಂಡೆಗಳ ನಡುವೆ ನಿಲ್ಲಿಸುತ್ತೇವೆ. ಹೊರದೇಶದ ಬೇಟೆಗಾರರು ಅಭ್ಯಾಸಕ್ಕೆ ಅಂತ ಫೋಮ್ ಪ್ರಾಣಿಗಳಿಗೆ ಹೊಡೆಯುತ್ತಿದ್ದದ್ದೇ ಈಗ ತ್ರೀಡಿ ಆರ್ಚರಿ ಅಂತ ಒಂದು ಸ್ಪರ್ಧೆಯಾಗಿದೆ. ಅದರ ವಿಶ್ವ ಚಾಂಪಿಯನ್‌ಶಿಪ್ ಕೂಡ ನಡೆಯುತ್ತದೆ. ನಮ್ಮಲ್ಲಿ ಅಂಕ ಬರೆಯುವ ಪದ್ಧತಿ ಇಲ್ಲ. ಒಂದೊಂದು ಗುರಿಗೂ ಒಬ್ಬೊಬ್ಬರಿಗೆ ಒಂದೇ ಬಾಣ. ಎರಡನೆಯದು ಕೊಟ್ಟರೆ ಮೊದಲನೆಯದರ ಮೇಲೆ ಗಮನ ಇರುವುದಿಲ್ಲ.

ಹೊರದೇಶದಲ್ಲಿ ಮರದ ಬಿಲ್ಲು ಹಿಡಿಯುವ ಬೇಟೆಗಾರರು ಸಾಮಾನ್ಯವಾಗಿ 18 ಮೀಟರ್ ಒಳಗೆ ಮಾತ್ರ ಯಾಕೆ ಹೊಡೆಯುತ್ತಾರೆ ಅನ್ನುವುದೂ ಇಲ್ಲೇ ಅರ್ಥವಾದದ್ದು. ಮರದ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 50 ಮೀಟರ್ ಹೋಗುತ್ತದೆ. ಸದ್ದು ಸುಮಾರು 340 ಮೀಟರ್ ಹೋಗುತ್ತದೆ. ಹೆದೆಯ ಸದ್ದು ಜಿಂಕೆಯ ಕಿವಿಗೆ ಮೊದಲು ತಲುಪುತ್ತದೆ, ಬಾಣ ಹಿಂದಿನಿಂದ ಬರುತ್ತದೆ. ಆ ಸಣ್ಣ ಹೊತ್ತಿನಲ್ಲಿ ಜಿಂಕೆ ಕುಗ್ಗಿ ಜಿಗಿಯುತ್ತದೆ. ದೂರದಿಂದ ಹೊಡೆದರೆ ಗಾಯವಾಗಿ ನರಳುತ್ತ ಓಡಬಹುದು. ಹಾಗೆ ಹೊಡೆಯದೆ ಸುಮ್ನೆ ಬಿಲ್ಲು ಇಳಿಸುವವನನ್ನೇ ಒಳ್ಳೆಯ ಬೇಟೆಗಾರರು ಗೌರವಿಸುವುದು. ಹೆದೆಯ ಸದ್ದು ಕಡಿಮೆ ಮಾಡಲು ಅವರು ಉಣ್ಣೆಯ ಕುಚ್ಚು ಕಟ್ಟುತ್ತಾರೆ. ನಾವು ಹಳೆಯ ಕಂಬಳಿಯ ಎಳೆ ಬಿಚ್ಚಿ ಕಟ್ಟಿದೆವು. ಎಷ್ಟು ಚೆನ್ನಾಗಿ ಸದ್ದು ಇಂಗಿತು ಅಂದರೆ, ಈಗ ನಮ್ಮ ಎಲ್ಲರ ಬಿಲ್ಲಿನಲ್ಲೂ ಕಂಬಳಿ ಎಳೆ ಇದೆ.

ಸ್ನೇಹ ಬೆಳೆದದ್ದು ಹೊಡೆಯುವಾಗಲ್ಲ, ಬಾಣ ಹುಡುಕುವಾಗ. ಗುರಿ ತಪ್ಪಿದ ಬಾಣ ಬಾದೆ ಹುಲ್ಲಿನ ಕೆಳಗೆ ನುಗ್ಗಿದರೆ ಸುಲಭಕ್ಕೆ ಕಾಣುವುದಿಲ್ಲ. ಆಗ ಎಲ್ಲರೂ ಬಿಲ್ಲು ಕೆಳಗಿಟ್ಟು ಸಾಲಾಗಿ ನಿಂತು ಹುಲ್ಲು ಸವರುತ್ತ ನಡೆಯುತ್ತೇವೆ. ಯಾರ ಬಾಣ ಅಂತ ಯಾರೂ ಕೇಳುವುದಿಲ್ಲ. ಸಿಗುವವರೆಗೂ ಮುಂದಿನ ಗುರಿಗೆ ಹೋಗುವುದಿಲ್ಲ. ಮನೆಯ ಕಷ್ಟ, ಮಳೆ, ಕೊಬ್ಬರಿ ರೇಟು, ಮಕ್ಕಳ ಓದು, ಎಲ್ಲ ಮಾತೂ ಬರುವುದು ಆ ಹೊತ್ತಿನಲ್ಲಿ. ನಮ್ಮ ಮನೆಯ ತಾತ ಹೇಳುತ್ತಿದ್ದ ಪಾಲು ನನಗೆ ಇಲ್ಲಿ ಸಿಕ್ಕಿದೆ. ಪೊದೆ ಬಡಿದವನಿಗೂ ಪಾಲು ಇದ್ದ ಹಾಗೆ, ಇಲ್ಲಿ ಹುಡುಕಲು ಬಂದವರಿಗೂ ಬಾಣ ಕೊಡುವ ಪದ್ಧತಿ ಇದೆ. ಹೊಸಬರು ಮೊದಲ ಸಲ ಬಂದಾಗ ಯಾರಾದರೂ ಒಬ್ಬರು ತಾವೇ ಕಟ್ಟಿದ ಒಂದು ಬಾಣ ಕೊಡುತ್ತಾರೆ. ಮೇದರ ತಾತ ಕೊಟ್ಟದ್ದನ್ನು ನಾನು ಹೊಡೆಯುವುದಿಲ್ಲ, ಇಟ್ಟುಕೊಂಡಿದ್ದೇನೆ.

ಕೆಲವು ಸಲ ಬಿಲ್ಲು ಮನೆಯಲ್ಲೇ ಬಿಟ್ಟು ದೇವರಾಯನದುರ್ಗದ ಕಡೆ ಹೋಗುತ್ತೇವೆ. ರಾಮ ಬಾಣ ಬಿಟ್ಟು ಬಂಡೆಯಿಂದ ನೀರು ತರಿಸಿದ ಅನ್ನುವ ನಾಮದ ಚಿಲುಮೆ ಅಲ್ಲೇ ಇದೆ. ಪಕ್ಕದಲ್ಲೇ ಜಿಂಕೆವನ. ಬೇಲಿಯಾಚೆ ನಿಂತ ಜಿಂಕೆ ಎಷ್ಟು ಹೆಜ್ಜೆ ದೂರ ಅಂತ ಒಬ್ಬೊಬ್ಬರೂ ಅಂದಾಜು ಹೇಳುತ್ತೇವೆ. ಕಿವಿ ಯಾವ ಕಡೆ ತಿರುಗಿತು, ತಲೆ ಯಾವಾಗ ಎತ್ತಿತು ಅಂತ ನೋಡುತ್ತೇವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳನ್ನು ನೋಡಿದರೆ ಬೇಟೆಗಾರನ ಕಷ್ಟ ಏನು ಅಂತ ತಿಳಿಯುತ್ತದೆ. ಬಯಲಿನಲ್ಲಿ ಅವು ನಮ್ಮನ್ನು ಯಾವಾಗಲೋ ನೋಡಿರುತ್ತವೆ. ಕಾಡಿಗೆ, ಅರಣ್ಯ ಇಲಾಖೆಯ ಜಾಗಕ್ಕೆ ಬಿಲ್ಲು ತೆಗೆದುಕೊಂಡು ಹೋಗುವ ಪ್ರಶ್ನೆಯೇ ಇಲ್ಲ.

ಕೆಲವು ಹುಡುಗರು ಬಂದು ಕಬ್ಬಿಣದ ಅಲಗು ಬೇಕು ಅಂತಾರೆ. ಕೊಡುವುದಿಲ್ಲ. ನಮ್ಮ ಬಾಣಗಳಿಗೆ ಮೊಂಡು ತುದಿ ಮಾತ್ರ. ನಾಯಿ, ದನ, ಹಕ್ಕಿ ಯಾವುದಾದರೂ ದಿಬ್ಬದ ಕಡೆ ಬಂದರೆ ಎಲ್ಲರೂ ಬಿಲ್ಲು ಇಳಿಸುತ್ತೇವೆ. ಯಾರಾದರೂ ಗುರಿಯ ಹತ್ತಿರ ಇದ್ದರೆ ಬಾಣವನ್ನು ಹೆದೆಗೆ ಏರಿಸುವುದೂ ಇಲ್ಲ. ಬಾಣವಿಲ್ಲದೆ ಬರೀ ಹೆದೆ ಎಳೆದು ಬಿಡಬಾರದು. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ಬಡಿದು, ಬಿಲ್ಲು ಮುಖದ ಮುಂದೆಯೇ ಸಿಡಿಯಬಹುದು.

ಶುರು ಮಾಡುವ ಆಸೆ ಇದ್ದವರು ಭಾರದ ಬಿಲ್ಲಿಗೆ ಹೋಗಬೇಡಿ. ಪೂರ್ತಿ ಎಳೆದಾಗ 25 ರಿಂದ 30 ಪೌಂಡ್, ಅಂದರೆ 11 ರಿಂದ 14 ಕೆಜಿ, ದೊಡ್ಡವರಿಗೂ ಅಷ್ಟು ಸಾಕು. ಗ್ಯಾಸ್ ಸಿಲಿಂಡರ್ ತೂಗುವ ಕೊಕ್ಕೆ ತಕ್ಕಡಿಯಲ್ಲೇ ಅಳೆಯಬಹುದು. ತೋಳಿಗೆ ಚರ್ಮದ ಪಟ್ಟಿ, ಬೆರಳಿಗೆ ಒಂದು ತುಂಡು ಚರ್ಮ ಇರಲಿ. ಬಿಲ್ಲು ಕೊಳ್ಳುವ ಮೊದಲು ಮಾತ್ರ ನಿಮ್ಮ ಊರಿನಲ್ಲಿ ಹೊಡೆಯುವವರು ಯಾರಿದ್ದಾರೆ ಅಂತ ವಿಚಾರಿಸಿ. ಒಂದು ಭಾನುವಾರ ಅವರ ಜೊತೆ ಸುಮ್ನೆ ಬಾಣ ಹುಡುಕಲು ಹೋಗಿ. ಅದು ಇಷ್ಟವಾದರೆ ಮುಂದಿನದು ಅವರೇ ಕಲಿಸುತ್ತಾರೆ.